ಮಲೆಗೆ ಬಂದ ಪಟ್ಟಣ

ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಒಮ್ಮೆಯಾದರೂ ಹೋಗಿಬಂದಿರುವ ಮನೆಗಳು ನಮ್ಮ ನಾಡಿನಲ್ಲಿ ಎಷ್ಟೋ ಇರುವುವು. ಮೂಡಿಗೆರೆಯಿಂದ ಹೊರಟು, ಕೊಟ್ಟಿಗೆಹಾರವನ್ನು ಹಿಂದಿಕ್ಕಿ, ಕಾಫಿಯ ತೋಟಗಳ ನಡುವೆ ಸುತ್ತಿ ಸುತ್ತಿ ಸಾಗುವ ದಾರಿಯಲ್ಲಿ ಕಳಸವನ್ನು ಸೇರಿ, ಕಳಸೇಶ್ವರನಿಗೆ ಕೈಮುಗಿದು, ಭದ್ರಾನದಿಯನ್ನು ದಾಟಿ ಎಂಟು ಕಿಲೋಮೀಟರ್ ಮುಂದೆ ಹೋದರೆ ದೇವಿಯ ಆಲಯ. ಬಂದವರೆಲ್ಲರಿಗೂ ಅಲ್ಲಿ ಅನ್ನವುಂಟು. ಉಂಡು ಕೈತೊಳೆದು ಹೊರಗೆ ಬಂದು ಕತ್ತೆತ್ತಿ ನೋಡಿದವರಿಗೆ ಸುತ್ತಲೂ ಕಾಣುವುದು ಮಂಜು ಮುಸುಕಿದ ಬೆಟ್ಟಗಳ ಸಾಲು. ಮಕ್ಕಳಿಗೆ ಅದನ್ನು ತೋರಿಸಿ ‘ಎಂಥ ಕಾಡು!’ ಎಂದು ಹೇಳಿ ಬಸ್ಸು ಹತ್ತುವರು. ಆ ಕಾಡಿನಲ್ಲಿ ಮನೆಗಳಿವೆ, ಒಲೆ ಉರಿಯುತ್ತದೆ, ತೊಟ್ಟಿಲು ತೂಗುತ್ತದೆ ಎಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು.

ನಾಲ್ಕು ಮನೆ ಇಲ್ಲಿ, ಆರು ಮನೆ ಅಲ್ಲಿ ಎಂಬಂತೆ ಚದರಿಕೊಂಡು ಮಲೆಕುಡಿಯರು, ಗೌಡಲು, ಹಸಲರು ಎಂಬ ಮೂರು ಸಮುದಾಯದವರು ಈ ಸೀಮೆಯಲ್ಲಿ ಬಹುಕಾಲದಿಂದ ಬಾಳುತ್ತಿರುವರು. ಮೂವರೂ ಸರ್ಕಾರದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿರುವರು. ಪಟ್ಟಣವೆಂಬುದು ಇವರ ಬಾಳನ್ನೂ ಇವರ ಕಾಡನ್ನೂ ಯಾವ ಯಾವ ವೇಷದಲ್ಲಿ ಬಂದು ಮುಟ್ಟಿತೆಂಬುದನ್ನು ಇಲ್ಲಿ ಹೇಳಬೇಕೆಂದಿರುವೆವು. ಪಟ್ಟಣ ಬೆಳೆಯಿತೆಂದರೆ ಬೀದಿಗಳು ಉದ್ದವಾಗಿ ಊರ ಹೊರಗಿನ ಹೊಲಗಳನ್ನು ನುಂಗಿದುವೆಂದು ತಿಳಿಯುವುದು ವಾಡಿಕೆ. ಬೆಂಗಳೂರಿನ ಸುತ್ತ ನಡೆದಿರುವುದೂ ಹಾಗೆಯೇ. ಮಲೆನಾಡಿಗಾದರೋ ಪಟ್ಟಣವು ಬೀದಿಯಾಗಿ ಬರುವುದಕ್ಕೆ ಎಷ್ಟೋ ಮೊದಲೇ ಬಯಕೆಯಾಗಿ ಬಂದಿತು. ಕಾಫಿ ಬೇಕು, ಕಬ್ಬಿಣ ಬೇಕು, ಹುಲಿಗೆ ನೆಲೆ ಬೇಕು, ರಜೆಯ ದಿನ ತಂಪುಗಾಳಿ ಬೇಕು. ಒಂದೊಂದು ಸಲವೂ ದೂರದ ಊರಿನವರ ಬೇಕುಗಳಿಗೆ ಎಡೆಮಾಡಿಕೊಟ್ಟು ಹಿಂದಕ್ಕೆ ಸರಿದವರು ಇವರೇ.

ಮಲೆಕುಡಿಯರು ಘಟ್ಟದ ಎರಡು ಮೈಯಲ್ಲಿಯೂ ಇರುವರು. ಕೆಳಗೆ ಬೆಳ್ತಂಗಡಿ, ಕಾರ್ಕಳದ ಕಾಡುಗಳಲ್ಲಿ. ಮೇಲೆ ಕಳಸ, ಮೂಡಿಗೆರೆಯ ಕಡೆಯಲ್ಲಿ. ಮನೆಮಾತು ತುಳು; ಘಟ್ಟದ ಮೇಲೆ ಅದರೊಡನೆ ಕನ್ನಡವೂ ಬೆರೆತಿದೆ. ಹಿಂದೆ ಇವರ ಬೇಸಾಯವು ಕುಮರಿಯಾಗಿತ್ತು. ಕಾಡಿನ ಒಂದು ತುಂಡನ್ನು ಬೇಸಗೆಯಲ್ಲಿ ಕಡಿದು, ಒಣಗಿದ ಸೊಪ್ಪುಸದೆಗಳನ್ನು ಸುಟ್ಟು, ಮೊದಲ ಮಳೆ ಬಿದ್ದೊಡನೆ ಆ ಬೂದಿಯಲ್ಲಿ ರಾಗಿಯನ್ನೋ ಭತ್ತವನ್ನೋ ಬಿತ್ತಿ, ಒಂದೆರಡು ಬೆಳೆ ತೆಗೆದು, ನೆಲವನ್ನು ಮತ್ತೆ ಕಾಡಿಗೆ ಬಿಟ್ಟು ಬೇರೆ ಕಡೆಗೆ ಹೋಗುವುದು ಕುಮರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ಬೆಲೆಯನ್ನು ಅರಿತ ಸರ್ಕಾರಗಳು ಇದು ಕಾಡಿಗೆ ಕೇಡೆಂದು ತಡೆದುವು. ಜನ ಕೆಲವರೂ ಕಾಡು ಬಹಳವೂ ಇದ್ದಲ್ಲಿ ಕುಮರಿಯ ನೆಲ ಮತ್ತೆ ಮರವಾಗಿ ಬೆಳೆಯಲು ಬೇಕಾದಷ್ಟು ವರ್ಷಗಳಿದ್ದುವು. ಅದೇ ಸರ್ಕಾರಗಳು ರೈಲಿನ ಹಳಿಗಾಗಿ ಕಡಿಸಿದ ಮರಗಳಿಗೆ ಆ ಬಿಡುವು ದೊರೆಯಲಿಲ್ಲ. ಇರಲಿ.

ಕುಮರಿ ಹೋದ ಮೇಲೆ ಉಳಿದದ್ದು ಕಾಡು ಕೊಡುವ ಉತ್ಪತ್ತಿ. ಜೇನು, ಸೀಗೆ, ರಾಮಪತ್ರೆ, ಉಪ್ಪಾಗೆ, ಅಂಟುವಾಳ, ಹಸಿವಿಗೆ ಕಾಡುಗೆಣಸು, ಬಗನಿಯ ಮರದಿಂದ ಕಳ್ಳೂ ತಿರುಳಿನ ಹಿಟ್ಟೂ. ಇವೆಲ್ಲಕ್ಕಿಂತ ಮೇಲಾದುದು ಏಲಕ್ಕಿ. ಹಬ್ಬದ ದಿನ ಪಾಯಸಕ್ಕೆ ನಾಲ್ಕು ಏಲಕ್ಕಿಯನ್ನು ಕುಟ್ಟಿ ಹಾಕುವ ನಮ್ಮ ಗೃಹಿಣಿಯರು ಅದು ಬೆಳೆಯುವ ಬಗೆಯನ್ನು ತಿಳಿದರೆ ಆ ನಾಲ್ಕನ್ನು ಇನ್ನಷ್ಟು ಎಚ್ಚರಿಕೆಯಿಂದ ಎಣಿಸುವರೆಂದು ತೋರುತ್ತದೆ. ಏಲಕ್ಕಿಗೆ ಬಿಸಿಲು ಆಗದು. ದೊಡ್ಡ ಮರಗಳ ನೆರಳು, ಕೊಳೆತ ಎಲೆಯ ಗೊಬ್ಬರ, ಆರದ ತೇವ ಇವು ಬೇಕು. ಮರಗಳನ್ನು ಹಾಗೆಯೇ ಉಳಿಸಿಕೊಂಡು ಕೆಳಗಿನ ಪೊದೆಯನ್ನು ಮಾತ್ರ ಸವರಿದರೆ, ಮಣ್ಣಿನಲ್ಲಿ ಮಲಗಿದ್ದ ಬೀಜವು ತಾನಾಗಿಯೇ ಮೊಳೆಯುವುದು. ಮಳೆ ಇನ್ನೂ ಸುರಿಯುತ್ತಿರುವಾಗಲೇ ಕೊಯ್ಲು ಮೊದಲಾಗುವುದು. ಕಾಯೆಲ್ಲ ಒಮ್ಮೆಗೇ ಬಲಿಯುವುದಿಲ್ಲವಾಗಿ ತಿಂಗಳುಗಟ್ಟಲೆ ಮತ್ತೆ ಮತ್ತೆ ಬಗ್ಗಿ, ಬುಡದಲ್ಲಿ ಹರಡಿರುವ ಗೊನೆಯಿಂದ ಒಂದೊಂದೇ ಕಾಯನ್ನು ಬಿಡಿಸಬೇಕು. ಕಾಲಿಗೆ ಇಂಬಳ, ಬೆನ್ನಿಗೆ ಮಳೆ. ಕಾಡನ್ನು ಕಡಿಯದೆ ಕಾಡಿನಿಂದ ಹಣ ಪಡೆಯುವ ಬೇಸಾಯ ಇದು. ಆ ಹಣದ ಹೆಚ್ಚಿನ ಪಾಲು ಕೊಯ್ದವರ ಕೈಗೆ ಸೇರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕಟ್ಟೆರೋಗವೆಂಬುದು ಬಂದು ಮಲೆನಾಡಿನ ಏಲಕ್ಕಿಯನ್ನು ತಿಂದುಹಾಕಿದ ಮೇಲೆ ಆ ಆಧಾರವೂ ಸೊರಗಿತು.

ಮಲೆಕುಡಿಯರ ಬೆತ್ತದ ಕೆಲಸದ ವಿಷಯವಾಗಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯಂದು ಎಳೆಯುವ ಬ್ರಹ್ಮರಥವನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅಷ್ಟೆತ್ತರದ ಆ ರಥವನ್ನು ವರ್ಷ ವರ್ಷವೂ ಕಾಡಿನ ಬೆತ್ತದಿಂದ ಬಿಗಿದು ಕಟ್ಟುವವರು ಮಲೆಕುಡಿಯರೇ. ಎಷ್ಟು ಬಲಿತ ಬೆತ್ತ ಬೇಕು, ಅದನ್ನು ಹೇಗೆ ಸೀಳಬೇಕು, ಯಾವ ಗಂಟು ಎಳೆದಷ್ಟೂ ಬಿಗಿಯುವುದು ಎಂಬ ವಿದ್ಯೆ ಯಾವ ಪುಸ್ತಕದಲ್ಲಿಯೂ ಇಲ್ಲ; ತಂದೆಯ ಕೈ ನೋಡಿ ಮಗನು ಕಲಿಯತಕ್ಕದ್ದು. ಕಾಡಿಗೆ ಹೋಗುವ ದಾರಿ ಮುಚ್ಚಿದ ದಿನ ಆ ಪಾಠಶಾಲೆಯೂ ಮುಚ್ಚುವುದು.

ಇನ್ನು ಪಟ್ಟಣವು ಬಂದ ಬಗೆ. ಮೊದಲು ಬಂದದ್ದು ಕಾಫಿಯ ರೂಪದಲ್ಲಿ. ಬಾಬಾಬುಡನ್‌ಗಿರಿಯ ಕಾಫಿಯ ಕಥೆ ಎಲ್ಲರಿಗೂ ತಿಳಿದುದೇ. 1830ರ ದಶಕದಿಂದೀಚೆಗೆ ಐರೋಪ್ಯ ತೋಟಗಾರರು ಚಿಕ್ಕಮಗಳೂರಿನ ಸುತ್ತ ನೆಲ ಪಡೆದು ತೋಟ ಹಾಕಿದರು. ಅವರ ಹಿಂದೆಯೇ ನಮ್ಮವರೂ ಹಾಕಿದರು. ಕಾಫಿಯು ಈ ಜಿಲ್ಲೆಗೆ ಐಶ್ವರ್ಯವನ್ನು ತಂದಿತೆಂಬುದರಲ್ಲಿ ಸಂದೇಹವಿಲ್ಲ. ಬೇರೆ ಬೆಳೆಗಳಿಗೆ ಹೋಲಿಸಿದರೆ ಅದು ಕಾಡಿಗೆ ಮಿತ್ರನೆಂದೂ ಹೇಳಬಹುದು, ಏಕೆಂದರೆ ಕಾಫಿಗೂ ನೆರಳು ಬೇಕು. ಆದರೆ ಈ ನೆರಳಿನ ಮರಗಳೂ ಈಚೆಗೆ ಬದಲಾಗುತ್ತಿವೆ. ಅತ್ತಿ, ಹಲಸು, ನಂದಿ ನಿಂತಿದ್ದ ಕಡೆ ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ಮರವು ಸಾಲುಸಾಲಾಗಿ ನಿಂತಿದೆ. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಬೇಕಾದಾಗ ಕಡಿದು ಮಾರುವುದು ಸುಲಭ. ಹಣ್ಣು ತಿನ್ನುವ ಹಕ್ಕಿಗೂ ಮಂಗನಿಗೂ ಅದರಿಂದ ಏನೂ ಇಲ್ಲ.

ಕಾಫಿಯ ತೋಟವು ಹಸಲರನ್ನೂ ಗೌಡಲುಗಳನ್ನೂ ಕಾಡಿನವರಿಂದ ಕೂಲಿಯವರನ್ನಾಗಿ ಮಾಡಿತು. ಲೈನುಮನೆಯ ಒಂದು ಕೋಣೆ, ಮೇಸ್ತ್ರಿಯ ಕೂಗು, ರೈಟರ ಪುಸ್ತಕದಲ್ಲಿ ಮುಂಗಡದ ಲೆಕ್ಕ. ಮದುವೆಗೆಂದು ತೆಗೆದ ಸಾಲಕ್ಕೆ ವರ್ಷಗಟ್ಟಲೆ ದುಡಿಯುವ ಪದ್ಧತಿಯನ್ನು ಕಾಯಿದೆಯು ರದ್ದುಮಾಡಿದ್ದು 1976ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1974ರಲ್ಲಿ, ಉಳುವವನಿಗೇ ನೆಲವೆಂಬ ಭೂಸುಧಾರಣೆಯು ಕರ್ನಾಟಕದಲ್ಲಿ ಜಾರಿಗೆ ಬಂದು ಲಕ್ಷಾಂತರ ಗೇಣಿದಾರರಿಗೆ ಹೊಲವನ್ನು ಕೊಟ್ಟಿತು. ಕಾಫಿ, ಚಹ, ಏಲಕ್ಕಿ ಮುಂತಾದ ಪ್ಲಾಂಟೇಷನ್ ಬೆಳೆಗಳ ನೆಲಕ್ಕೆ ಮಾತ್ರ ಆ ಕಾಯಿದೆಯ ಮಿತಿ ಅನ್ವಯಿಸಲಿಲ್ಲ. ಹೀಗಾಗಿ ಬಯಲುಸೀಮೆಯ ಗೇಣಿದಾರನು ಒಡೆಯನಾದ ಕಾಲದಲ್ಲಿಯೂ ತೋಟದ ಆಳು ಆಳಾಗಿಯೇ ಉಳಿದನು. ತೋಟದಾಚೆ ಕಾಡಿನ ಅಂಚಿನಲ್ಲಿ ತುಂಡು ಗದ್ದೆ ಮಾಡಿಕೊಂಡವರಿಗೂ ಪಟ್ಟೆಯಿಲ್ಲ, ಪಹಣಿಯಿಲ್ಲ. ಪಟ್ಟಣದ ಬಲವೆಲ್ಲ ಕಾಗದದಲ್ಲಿರುವುದು. ಕಾಗದವಿಲ್ಲದವನು ತನ್ನ ಅಜ್ಜನು ಕಟ್ಟಿದ ಮನೆಯಲ್ಲಿಯೇ ಒತ್ತುವರಿದಾರನಾಗುವನು.

ಕಾಫಿ ಮೆಲ್ಲಮೆಲ್ಲನೆ ಬಂದಿತು. ಕಬ್ಬಿಣವು ಸಿಡಿಲಿನಂತೆ ಬಂದಿತು.

ಕಳಸದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಕುದುರೆಯ ಮೋರೆಯಂತೆ ಕಾಣುವ ಸುಮಾರು 1,890 ಮೀಟರ್ ಎತ್ತರದ ಶಿಖರದ ಆಸುಪಾಸಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಹೇರಳವಾಗಿದೆಯೆಂಬುದನ್ನು 1913ರಲ್ಲಿ ಮೈಸೂರು ಭೂಗರ್ಭ ಇಲಾಖೆಯ ಸಂಪತ್ ಅಯ್ಯಂಗಾರ್ಯರು ಗುರುತಿಸಿದರು. ಅದಿರು ಸತ್ವಹೀನವಾದುದು, ಮೂರು ಪಾಲು ಕಲ್ಲನ್ನು ಪುಡಿಮಾಡಿ ತೊಳೆದರೆ ಒಂದು ಪಾಲು ದೊರೆಯತಕ್ಕದ್ದು. ಆದಕಾರಣ ಬಹುಕಾಲ ಅದರ ತಂಟೆಗೆ ಯಾರೂ ಹೋಗಲಿಲ್ಲ. ಎಪ್ಪತ್ತರ ದಶಕದಲ್ಲಿ ಇರಾನಿನ ಷಹನಿಗೆ ಉಕ್ಕಿನ ಕಾರ್ಖಾನೆಗಳನ್ನು ಕಟ್ಟುವ ಹಂಬಲ ಹುಟ್ಟಿತು. ಇರಾನ್ ಸರ್ಕಾರವು 63 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿತು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರಿನ ಕಂಪೆನಿ ಹುಟ್ಟಿತು. ಗಣಿಯ ಗುತ್ತಿಗೆಗೆ ಸೇರಿದ ನೆಲ 4,600 ಹೆಕ್ಟೇರಿಗೂ ಮಿಗಿಲು. ವರ್ಷಕ್ಕೆ 75 ಲಕ್ಷ ಟನ್ ತೊಳೆದ ಅದಿರನ್ನು ತಯಾರಿಸುವ ಯಂತ್ರಗಳು, ಅದನ್ನು ನೀರಿನಲ್ಲಿ ಕದಡಿ ಘಟ್ಟದ ಕೆಳಗೆ ಮಂಗಳೂರಿನ ಬಂದರಿಗೆ ಒಯ್ಯುವ 67 ಕಿಲೋಮೀಟರ್ ಉದ್ದದ ಕೊಳವೆ, ಉಳಿದ ಕೆಸರನ್ನು ಹಿಡಿದಿಡಲು ಲಕ್ಯಾ ಹೊಳೆಗೆ ಅಡ್ಡವಾಗಿ ಕಟ್ಟಿದ ಭಾರಿ ಅಣೆಕಟ್ಟು, ಇವೆಲ್ಲ ನಾಲ್ಕೈದು ವರ್ಷಗಳಲ್ಲಿ ಎದ್ದು ನಿಂತುವು. ಇಷ್ಟಾಗುವ ಹೊತ್ತಿಗೆ, 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ಷಹನೇ ಇಲ್ಲವಾದನು. ಯಾರಿಗಾಗಿ ಗುಡ್ಡವನ್ನು ಅಗೆಯಲು ಹೊರಟಿದ್ದರೋ ಅವರು ಮಾಯವಾದರೂ ಅಗೆತ ನಿಲ್ಲಲಿಲ್ಲ. ಬೇರೆ ಗಿರಾಕಿಗಳನ್ನು ಹುಡುಕಲಾಯಿತು.

ಮಲ್ಲೇಶ್ವರವೆಂದು ಹೆಸರಾಗಿದ್ದ ಸ್ಥಳದಲ್ಲಿ ಕುದುರೆಮುಖ ಪಟ್ಟಣವು ತಲೆಯೆತ್ತಿತು. ಅಚ್ಚುಕಟ್ಟಾದ ಬೀದಿಗಳು, ಶಾಲೆ, ಆಸ್ಪತ್ರೆ, ಅಂಗಡಿಗಳು, ರಾತ್ರಿಯೆಲ್ಲ ಬೆಳಗುವ ವಿದ್ಯುದ್ದೀಪಗಳು. ವರ್ಷಕ್ಕೆ ಆರು ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಕಾಡಿನ ನಡುವೆ ಇಂಥದೊಂದು ಊರನ್ನು ಕಟ್ಟಿ ನಿಲ್ಲಿಸಿದ ಎಂಜಿನಿಯರುಗಳ ಸಾಹಸವನ್ನು ಮೆಚ್ಚಲೇಬೇಕು. ಆದರೆ ಆ ದೀಪದ ಬೆಳಕು ಎದುರಿನ ಗುಡ್ಡದ ಸೋಗೆಯ ಮನೆಗಳವರೆಗೆ ಹೋಗಲಿಲ್ಲ. ಬೆಟ್ಟದ ಮೇಲಿನವರು ಸಂಜೆ ಚಿಮಣಿ ಹಚ್ಚಿಟ್ಟು ಕೆಳಗೆ ಮಿನುಗುವ ಪಟ್ಟಣವನ್ನು ನೋಡುತ್ತಿದ್ದರು. ಅವರಿಗೆ ಅಲ್ಲಿ ದೊರೆತದ್ದು ಬಹುಮಟ್ಟಿಗೆ ದಿನಗೂಲಿಯ ಕೆಲಸ. ಯಂತ್ರ ನಡೆಸಲು ಓದಿದವರು ಬೇಕು. ಓದಿದವರು ದೂರದಿಂದ ಬಂದರು. ಮಳೆಗಾಲದಲ್ಲಿ ಭದ್ರೆಯು ಗುಡ್ಡದ ಮಣ್ಣನ್ನು ಹೊತ್ತು ಕೆಂಪಾಗಿ ಇಳಿಯತೊಡಗಿದಳು. ಆ ಹೂಳು ಕಳಸದ ಗದ್ದೆಗಳಲ್ಲಿಯೂ ಇನ್ನೂ ಕೆಳಗಿನ ಜಲಾಶಯದಲ್ಲಿಯೂ ಕೂತಿತು. ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವರು. ಒಂದು ಬೆಟ್ಟಕ್ಕೆ ಹಾಕಿದ ಹಾರೆಯ ಪೆಟ್ಟು ಎಷ್ಟು ಜಿಲ್ಲೆಗಳ ಕೊಡಪಾನಕ್ಕೆ ತಟ್ಟುವುದೆಂಬುದನ್ನು ಊಹಿಸಿಕೊಳ್ಳಬಹುದು.

ಈ ನಡುವೆ ಇನ್ನೊಂದು ದನಿ ಎದ್ದಿತು. ಸಿಂಗಳೀಕವೆಂಬ ಕಪ್ಪು ಮಂಗವು ಮೇಲುಮರಗಳಿಂದ ಇಳಿಯದೆ ಬದುಕುವ ಪ್ರಾಣಿ. ಪಶ್ಚಿಮಘಟ್ಟದ ಹೊರಗೆ ಲೋಕದಲ್ಲೆಲ್ಲಿಯೂ ಇಲ್ಲ. ಎಂಬತ್ತರ ದಶಕದ ಮೊದಲಿನಲ್ಲಿ ಉಲ್ಲಾಸ ಕಾರಂತರು ಈ ಕಾಡುಗಳಲ್ಲಿ ಅಲೆದು ಸಿಂಗಳೀಕಗಳನ್ನು ಎಣಿಸಿ, ಇದನ್ನು ರಕ್ಷಿಸತಕ್ಕದ್ದೆಂದು ಸಲಹೆಯಿತ್ತರು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡುವ ಮೊದಲ ಪ್ರಕಟಣೆಯೂ, 2001ರಲ್ಲಿ ಕೊನೆಯ ಪ್ರಕಟಣೆಯೂ ಹೊರಟುವು. ನಾಗರಹೊಳೆಯ ನಿವೃತ್ತ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರ ತೀರ್ಪಿನಂತೆ 2005ರ ಕೊನೆಯ ದಿನ ಗಣಿಯು ನಿಂತಿತು. ನೌಕರರು ಗಂಟುಮೂಟೆ ಕಟ್ಟಿದರು. ಇಂದು ಆ ಪಟ್ಟಣದ ಬಹುಪಾಲು ಮನೆಗಳು ಬರಿದಾಗಿ, ಗೋಡೆಗೆ ಪಾಚಿ ಹಿಡಿದು, ಅಂಗಳದಲ್ಲಿ ಕಾಡು ಮರಳಿ ಮೊಳೆಯುತ್ತಿದೆ. ಮೂವತ್ತು ವರ್ಷ ಬಾಳಿದ ಪಟ್ಟಣವನ್ನು ನಾವು ಮಲೆನಾಡಿನಲ್ಲಿ ಬೇರೆಲ್ಲಿಯೂ ಕಾಣೆವು.

ಗಣಿ ನಿಂತದ್ದು ಒಳ್ಳೆಯದೇ ಆಯಿತೆಂಬುದು ನಮ್ಮ ಅಭಿಪ್ರಾಯ. 2012ರಲ್ಲಿ ಕುದುರೆಮುಖದ ಕಾಡುಗಳು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿದುದು ನಾಡಿಗೆ ಹೆಮ್ಮೆಯ ಸಂಗತಿ. ಆದರೆ ಗಣಿಯನ್ನು ಹೊರಗೆ ಹಾಕಿದ ಗೆರೆಯೇ ಗುಡಿಸಲುಗಳನ್ನು ಒಳಗೆ ಹಾಕಿತು. ಉದ್ಯಾನದೊಳಗೆ ಹೊಸ ರಸ್ತೆಯಿಲ್ಲ, ಇದ್ದ ದಾರಿಗೆ ಡಾಂಬರಿಲ್ಲ, ವಿದ್ಯುತ್ತಿನ ಕಂಬ ನೆಡಲು ಅಪ್ಪಣೆಯಿಲ್ಲ, ಉಪ್ಪಾಗೆ ಆಯಲು ಅಪ್ಪಣೆಯಿಲ್ಲ. ಹೆರಿಗೆಯ ನೋವು ಬಂದ ಹೆಂಗಸನ್ನೂ ಜ್ವರದ ಮುದುಕನನ್ನೂ ಕಂಬಳಿಯ ಜೋಲಿಯಲ್ಲಿ ಹಾಕಿ, ಹೆಗಲ ಮೇಲೆ ಹೊತ್ತು, ಹಳ್ಳ ದಾಟಿಸಿ ಕಾರು ನಿಲ್ಲುವ ಕಡೆಗೆ ತರುವುದು ಈ ಭಾಗದಲ್ಲಿ ಇಂದಿಗೂ ಹೊಸ ಸುದ್ದಿಯಲ್ಲ. ಅದಿರಿನ ಕೊಳವೆಗೆ ಕಾಡು ಸೀಳಿ ದಾರಿ ಕೊಟ್ಟ ಸರ್ಕಾರವು ಒಂದು ಜೋಲಿಗೆ ದಾರಿ ಕೊಡಲಾರದೆ ಕಾಯಿದೆಯ ಪುಟ ತಿರುವುತ್ತಿರುವುದನ್ನು ಕಂಡರೆ ಯಾರಿಗಾದರೂ ಕೋಪ ಬರುವುದು ಸಹಜ.

ಆ ಕೋಪಕ್ಕೆ ಬಂದೂಕಿನ ದಾರಿಯನ್ನು ತೋರಿಸಲು ನಕ್ಸಲೀಯರೂ ಇದೇ ಸಮಯಕ್ಕೆ ಮಲೆಗೆ ಬಂದರು. ಅವರನ್ನು ಹುಡುಕಿಕೊಂಡು ಪೊಲೀಸರು ಬಂದರು. 2005ರ ಫೆಬ್ರವರಿಯಲ್ಲಿ ಅವರ ಮುಂದಾಳು ಸಾಕೇತ್ ರಾಜನ್ ಈ ಸೀಮೆಯ ಕಾಡಿನಲ್ಲಿಯೇ ಗುಂಡಿಗೆ ಬಲಿಯಾದನು. ರಾತ್ರಿ ಒಂದು ಕಡೆಯವರು ಅನ್ನ ಕೇಳುವರು, ಬೆಳಗ್ಗೆ ಇನ್ನೊಂದು ಕಡೆಯವರು ಅನ್ನ ಏಕೆ ಹಾಕಿದಿರೆಂದು ಕೇಳುವರು. ಕಾಡಿನ ಮನೆಗಳಿಗೆ ಆ ಇಪ್ಪತ್ತು ವರ್ಷ ನೆಮ್ಮದಿಯಿಲ್ಲದೆ ಕಳೆದುವು. ಬೆಳ್ತಂಗಡಿಯ ಕಡೆಯ ಮಲೆಕುಡಿಯ ವಿದ್ಯಾರ್ಥಿಯೊಬ್ಬನು 2012ರಲ್ಲಿ ಇಂಥ ಸಂಶಯದ ಮೇಲೆ ಸೆರೆಯಾಗಿ, ನಿರ್ದೋಷಿಯೆಂದು ನ್ಯಾಯಾಲಯದಿಂದ ಬಿಡುಗಡೆ ಪಡೆದುದು 2021ರಲ್ಲಿ. 2025ರ ಜನವರಿ 8ರಂದು ಆರು ಮಂದಿ ನಕ್ಸಲೀಯರು ಬೆಂಗಳೂರಿನಲ್ಲಿ ಶರಣಾದರು.

ಇನ್ನು ಉದ್ಯಾನದೊಳಗಿನವರು ಹೊರಗೆ ಬರಬೇಕೆ, ಬೇಡವೆ ಎಂಬ ಪ್ರಶ್ನೆ. ಇದಕ್ಕೆ ಇದೇ ಜಿಲ್ಲೆಯ ಒಂದು ನಿದರ್ಶನವನ್ನು ಎಲ್ಲರೂ ಎತ್ತಿ ತೋರಿಸುವರು. ಭದ್ರಾ ಅಭಯಾರಣ್ಯದೊಳಗಿದ್ದ ನಾಲ್ಕುನೂರಕ್ಕೂ ಮೇಲ್ಪಟ್ಟ ಕುಟುಂಬಗಳು 2001–02ರಲ್ಲಿ ಎಂ. ಸಿ. ಹಳ್ಳಿ, ಕೆಳಗೂರು ಎಂಬಲ್ಲಿಗೆ ಸ್ಥಳಾಂತರವಾದುವು. ಅವರಿಗೆ ಹೊಲವೂ ಮನೆಯೂ ದೊರೆತು, ಶಾಲೆ ಆಸ್ಪತ್ರೆಗಳು ಹತ್ತಿರವಾದುವು. ದೇಶದಲ್ಲಿ ಇಂಥ ಕೆಲಸ ಇಷ್ಟು ಚೆನ್ನಾಗಿ ನಡೆದದ್ದು ಅಪೂರ್ವವೆಂದು ಬಲ್ಲವರು ಹೇಳುವರು. ಇದು ನಿಜವೇ. ಆದರೆ ಅಲ್ಲಿಂದ ಬಂದವರಲ್ಲಿ ಹೆಚ್ಚಿನವರು ಗದ್ದೆಯ ಬೇಸಾಯಗಾರರು. ಗದ್ದೆಗೆ ಬದಲು ಗದ್ದೆಯನ್ನು ಕೊಡಬಹುದು. ಜೇನು, ಬೆತ್ತ, ಗೆಣಸು, ಏಲಕ್ಕಿಯಿಂದ ಬಾಳಿದವನಿಗೆ ಕಾಡಿಗೆ ಬದಲಾಗಿ ಏನನ್ನು ಕೊಡುವುದು? ಕೈಗೆ ಹಣ ಕೊಟ್ಟರೆ ಅದು ಎಷ್ಟು ದಿನ ಇರುವುದೆಂಬುದನ್ನು ಮದುವೆಗೆ ಬಂದ ಹೆಣ್ಣುಮಕ್ಕಳಿರುವ ಮನೆಯವರು ಬಲ್ಲರು. ಕುದುರೆಮುಖದಿಂದಲೂ ಕೆಲವು ಕುಟುಂಬಗಳು ಪರಿಹಾರ ಪಡೆದು ಇಳಿದಿವೆ. ಮಕ್ಕಳ ಓದಿಗಾಗಿ ಇಳಿಯುವೆವೆನ್ನುವ ಕಿರಿಯರೂ, ದೈವಗಳ ಕಲ್ಲನ್ನು ಬಿಟ್ಟು ಬರಲಾರೆವೆನ್ನುವ ಹಿರಿಯರೂ ಒಂದೇ ಮನೆಯಲ್ಲಿರಬಹುದು. ಇಬ್ಬರ ಮಾತೂ ನ್ಯಾಯವಾದುದೇ. ಹೊರಡುವೆನೆಂದವನಿಗೆ ತಡಮಾಡದೆ ನೆಲವನ್ನು ಕೊಡಬೇಕು. ಇರುವೆನೆಂದವನ ದಾರಿ ದೀಪಗಳನ್ನು ತಡೆದು, ಬೇಸತ್ತು ತಾನಾಗಿ ಹೊರಡಲೆಂದು ಕಾಯಬಾರದು. ಹಾಗೆ ಬೇಸತ್ತು ಬಂದದ್ದನ್ನು ಸ್ವ-ಇಚ್ಛೆಯೆಂದು ಬರೆದುಕೊಳ್ಳುವುದು ನಮಗೆ ಸರಿಕಾಣದು.

ಗಣಿಯು ಹೋದ ಕಾಲಕ್ಕೆ ಸರಿಯಾಗಿ ಪಟ್ಟಣವು ಇನ್ನೊಂದು ವೇಷದಲ್ಲಿ ಬಂದಿತು. ಇದು ಹೋಂಸ್ಟೇಯ ಕಾಲ. ಶುಕ್ರವಾರ ರಾತ್ರಿ ಬೆಂಗಳೂರನ್ನು ಬಿಟ್ಟ ಕಾರುಗಳು ಶನಿವಾರ ಬೆಳಗ್ಗೆ ಮೂಡಿಗೆರೆಯನ್ನು ತುಂಬುವುವು. ಹೊರನಾಡಿನ ಹತ್ತಿರದ ಕ್ಯಾತನಮಕ್ಕಿಯ ಗುಡ್ಡಕ್ಕೆ ಜೀಪುಗಳು ಹುಲ್ಲುಗಾವಲನ್ನು ಸೀಳಿಕೊಂಡು ಏರುವುವು. ಗಾಲಿ ಹರಿದ ಗೆರೆಯಲ್ಲಿ ಮಳೆನೀರು ಹರಿದು ಕೊರಕಲಾಗುವುದು. ಈ ಹುಲ್ಲುಗಾವಲನ್ನು ಬಂಜರೆಂದು ತಿಳಿಯಬಾರದು. ಕಣಿವೆಯ ಶೋಲೆಗಾಡೂ ಮೇಲಿನ ಹುಲ್ಲೂ ಸೇರಿಯೇ ಮಳೆನೀರನ್ನು ಕುಡಿದಿಟ್ಟುಕೊಂಡು ಬೇಸಗೆಯಲ್ಲಿ ಹಳ್ಳಗಳಿಗೆ ಬಿಡುವುವು. (ಹಿಂದೆ ಅರಣ್ಯ ಇಲಾಖೆಯೇ ಇದನ್ನು ಬೋಳುಗುಡ್ಡವೆಂದು ತಿಳಿದು ಕೆಲವೆಡೆ ಅಕೇಶಿಯವನ್ನು ನೆಡಿಸಿದ್ದುಂಟು.) 2019ರ ಆಗಸ್ಟಿನ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಊರುಗಳ ಮೇಲೆ ಗುಡ್ಡ ಜಾರಿದ ನೆನಪು ಇನ್ನೂ ಮಾಸಿಲ್ಲ. ಅಷ್ಟು ಮಳೆಗೆ ಗುಡ್ಡ ಜಾರುವುದಕ್ಕೆ ಒಂದೇ ಕಾರಣವಿರದು. ಆದರೂ ಇಳಿಜಾರನ್ನು ಕಡಿದು ಮನೆಗೂ ದಾರಿಗೂ ಮಟ್ಟ ಮಾಡುವವರು ಇದನ್ನು ಮರೆಯದಿರುವುದು ಲೇಸು.

ಪ್ರವಾಸಿಗಳು ಬರಲೇಬಾರದೆಂದು ನಾವು ಹೇಳುವವರಲ್ಲ. ಸಂಸೆಯ ಮೇಲಿನ ಮುಳ್ಳೋಡಿಯಿಂದ ಶಿಖರಕ್ಕೆ ನಡೆದುಹೋಗುವವರು ಅಲ್ಲಿಯ ಮನೆಗಳಲ್ಲಿಯೇ ಉಂಡು ತಂಗುವರು. ಆ ಊಟದ ಹಣವು ಆ ಒಲೆಯ ಬುಡಕ್ಕೇ ಸೇರುವುದು. ಅದೇ ದೊಡ್ಡ ಬಂಡವಾಳದ ಅತಿಥಿಗೃಹವಾದರೆ ಊರಿನವರಿಗೆ ಪಾತ್ರೆ ತೊಳೆಯುವ, ಕೋಣೆ ಗುಡಿಸುವ ಕೆಲಸ. ಇದರ ನಡುವಿನ ಅಂತರವನ್ನು ಮನೆಮಂದಿಯೊಡನೆ ಹೊರಡುವ ಮೊದಲೇ ಯಜಮಾನರು ಒಂದು ಫೋನಿನಲ್ಲಿ ಕೇಳಿ ತಿಳಿಯಬಹುದು.

ಪಟ್ಟಣದವರ ಒಂದು ಬಯಕೆಯಂತೂ ನಗು ತರಿಸುವಂಥದು. ಉಪ್ಪಾಗೆಯ ಸಿಪ್ಪೆಯನ್ನು ನಮ್ಮವರು ಹುಣಿಸೆಯಂತೆ ಸಾರಿಗೆ ಹಾಕುತ್ತಿದ್ದರು. ಅದರ ಸತ್ವವು ಬೊಜ್ಜನ್ನು ಕರಗಿಸುವುದೆಂದು ಪಾಶ್ಚಾತ್ಯ ನಗರಗಳಲ್ಲಿ ಸುದ್ದಿ ಹಬ್ಬಿ, ತೊಂಬತ್ತರ ದಶಕದಲ್ಲಿ ಬೆಲೆ ಏರಿತು. ಸಾಗರದಾಚೆಯವರು ಹೆಚ್ಚಾಗಿ ಉಂಡದ್ದಕ್ಕೆ ಪಶ್ಚಿಮಘಟ್ಟದ ಮರಗಳ ಕೊಂಬೆಗಳು ಮುರಿದುವು. ಗುತ್ತಿಗೆದಾರನಿಗೆ ಮೊದಲು ತಂದುಕೊಟ್ಟವನಿಗೆ ಹಣ; ಆದಕಾರಣ ಕಾಯಿ ಬಲಿಯುವವರೆಗೆ ಕಾಯುವ ತಾಳ್ಮೆ ಯಾರಿಗೂ ಉಳಿಯಲಿಲ್ಲ. ಮಳೆಗಾಲದಲ್ಲಿ ಅದನ್ನು ಒಣಗಿಸಲು ಉರಿಸಿದ ಸೌದೆಯ ಲೆಕ್ಕ ಬೇರೆ. ಮರವು ಇಡೀ ಊರಿನದೆಂಬ ಕಟ್ಟು ಇದ್ದ ಕಡೆ ಜನರು ತಾವೇ ಕಾಯುವರು. ಅದು ಸರ್ಕಾರದ್ದು, ಹರಾಜು ಹಿಡಿದವನದು ಎಂದಾದ ಕಡೆ ಕಾಯುವವರಿಲ್ಲ.

ಮನೆಯೊಳಗಿನ ಬದಲಾವಣೆಯನ್ನೂ ಒಂದಿಷ್ಟು ಹೇಳಬೇಕು. ಮಕ್ಕಳು ಆಶ್ರಮ ಶಾಲೆಗೆ ಹೋಗುವರು. ಅಕ್ಷರ ಕಲಿಯುವುದು ಸಂತೋಷದ ವಿಷಯ. ಆದರೆ ಕಾಡಿನ ಹಾದಿಯಲ್ಲಿ ಅಜ್ಜಿಯ ಹಿಂದೆ ನಡೆಯುತ್ತ ಕಲಿಯಬೇಕಾದ ವಯಸ್ಸು ಹಾಸ್ಟೆಲಿನಲ್ಲಿ ಕಳೆಯುವುದು. ಯಾವ ಗೆಣಸನ್ನು ಬೇಯಿಸಿ ತಿನ್ನಬಹುದು, ಯಾವುದನ್ನು ಹರಿಯುವ ನೀರಿನಲ್ಲಿ ನೆನೆಹಾಕಿ ವಿಷ ತೆಗೆಯಬೇಕು, ಯಾವ ಮರದಲ್ಲಿ ಜೇನು ಯಾವ ತಿಂಗಳು ಕೂರುವುದು ಎಂಬುದಕ್ಕೆಲ್ಲ ಅವರ ತುಳುವಿನಲ್ಲಿ ಹೆಸರುಗಳಿವೆ. ಆ ಹೆಸರು ಮರೆತರೆ ಗಿಡವು ಎದುರಿಗಿದ್ದರೂ ಕಾಣದು. ಹತ್ತನೆಯ ತರಗತಿಯಾದ ಮೇಲೆ ಹುಡುಗರು ಮಂಗಳೂರು, ಬೆಂಗಳೂರುಗಳಿಗೆ ಹೊರಡುವರು. ಇವರು ಬಿಟ್ಟುಹೋದ ತೋಟದ ಕೆಲಸಕ್ಕೆ ಇಂದು ಅಸ್ಸಾಮಿನಿಂದ ಕೂಲಿಗಳು ಬಂದು ಅವೇ ಲೈನುಮನೆಗಳಲ್ಲಿ ಇಳಿದಿರುವರು. ತಮ್ಮ ಊರಿನ ಯಾವ ಬೇಕುಗಳು ಅವರನ್ನು ಇಷ್ಟು ದೂರ ಅಟ್ಟಿದುವೋ!

ಕಾಡಿನ ಗೆಣಸು, ಜೇನು, ಹಳ್ಳದ ಮೀನು ತಪ್ಪಿದ ಮನೆಗಳಲ್ಲಿ ಈಗ ಊಟವೆಂದರೆ ಪಡಿತರದ ಅಕ್ಕಿ. ಕರ್ನಾಟಕ ಸರ್ಕಾರವು ಮಲೆಕುಡಿಯ, ಹಸಲ, ಗೌಡಲು ಮುಂತಾದ ಅರಣ್ಯವಾಸಿ ಪಂಗಡಗಳಿಗೆ ಬೇಳೆ, ಬೆಲ್ಲ, ಎಣ್ಣೆ, ತುಪ್ಪ, ಮೊಟ್ಟೆಗಳನ್ನು ಹಂಚುತ್ತದೆ. ಒಳ್ಳೆಯ ಏರ್ಪಾಡು, ನಿಲ್ಲಿಸತಕ್ಕದ್ದಲ್ಲ. ನಾಡಿಗೆಲ್ಲ ಏಲಕ್ಕಿ ಜೇನುಗಳನ್ನು ಉಣಿಸಿದವರಿಗೆ ಪೌಷ್ಟಿಕ ಆಹಾರವನ್ನು ಲಾರಿಯಲ್ಲಿ ಕಳುಹಿಸಬೇಕಾಗಿ ಬಂದ ಕಾಲವಿದು ಎಂಬುದಷ್ಟೇ ನಮ್ಮ ಮಾತು.

ಇಷ್ಟು ಹೇಳಿದ ಮೇಲೆ, ದಾರಿಯೇ ಇಲ್ಲವೆ ಎಂದು ವಾಚಕರು ಕೇಳಬಹುದು. ಕಾಯಿದೆಯ ಮಟ್ಟಿಗಾದರೂ ಇದೆ. 2006ರ ಅರಣ್ಯಹಕ್ಕು ಕಾಯಿದೆಯು, 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನಲ್ಲಿ ನೆಲೆಸಿ ಸಾಗುವಳಿ ಮಾಡುತ್ತಿರುವ ಪರಿಶಿಷ್ಟ ಪಂಗಡದವರಿಗೆ ನಾಲ್ಕು ಹೆಕ್ಟೇರಿನವರೆಗೆ ಹಕ್ಕನ್ನು ಕೊಡಬೇಕೆನ್ನುತ್ತದೆ. ಇದಕ್ಕಿಂತ ದೊಡ್ಡದು ಅದರಲ್ಲಿ ಹೇಳಿರುವ ಸಮುದಾಯದ ಹಕ್ಕು: ಜೇನು, ಬೆತ್ತ, ಉಪ್ಪಾಗೆ ಮುಂತಾದ ಉತ್ಪತ್ತಿಯನ್ನು ಆಯ್ದು ಮಾರುವುದಕ್ಕೂ, ಕಾಡನ್ನು ಊರವರೇ ಕಾಯುವುದಕ್ಕೂ ಅಲ್ಲಿ ಎಡೆಯುಂಟು. ರಾಷ್ಟ್ರೀಯ ಉದ್ಯಾನದೊಳಗಿನ ಹಕ್ಕುಗಳನ್ನು ಇತ್ಯರ್ಥಮಾಡಿ, ಗ್ರಾಮಸಭೆಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯದೆ, ವನ್ಯಜೀವಿಗಳ ಹೆಸರಿನಲ್ಲಿ ಯಾರನ್ನೂ ಎಬ್ಬಿಸತಕ್ಕದ್ದಲ್ಲವೆಂದೂ ಅದು ವಿಧಿಸಿದೆ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು 2011ರಲ್ಲಿ ಇಂಥ ಸಮುದಾಯದ ಹಕ್ಕನ್ನು ಪಡೆದರು. ಅದು ಹುಲಿಗಳ ರಕ್ಷಿತಾರಣ್ಯವೇ ಆಗಿದ್ದರೂ ಹಕ್ಕಿಗೆ ಅಡ್ಡಿಯಾಗಲಿಲ್ಲ. ಅಲ್ಲಿ ಸಾಧ್ಯವಾದುದು ಕುದುರೆಮುಖದ ತಪ್ಪಲಿನಲ್ಲಿ ಸಾಧ್ಯವಾಗದೆಂದು ಹೇಳಲು ಕಾರಣ ಕಾಣುವುದಿಲ್ಲ.

ಹಕ್ಕಿನ ಅರ್ಜಿಯು ಮೊದಲು ಗ್ರಾಮಸಭೆಯ ಮುಂದೆ ಬರಬೇಕು. ಆ ಸಭೆಯನ್ನು ದೂರದ ಪಂಚಾಯಿತಿ ಕಟ್ಟಡದಲ್ಲಿಯೇ ನಡೆಸಬೇಕಾಗಿಲ್ಲ. ಕಾಡಿನ ಒಂದೊಂದು ಹಾಡಿಯಲ್ಲಿಯೂ ಬೇರೆ ಬೇರೆಯಾಗಿ ಕೂಡಿಸಬಹುದು. ಆದರೆ ಹಾಡಿಯ ಅರ್ಧದಷ್ಟು ಜನರಾದರೂ ಸೇರಿರಬೇಕು, ಸೇರಿದವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು ಎಂಬುದು 2012ರ ನಿಯಮ. ಜೂನ್ ತಿಂಗಳಿನಿಂದ ಅಕ್ಟೋಬರಿನವರೆಗೆ ಹಳ್ಳಗಳು ತುಂಬಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದೇ ದುಸ್ತರ; ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೆಂಗಸರೆಲ್ಲರೂ ಕಾಫಿಯ ಕೊಯ್ಲಿನಲ್ಲಿರುವರು. ಉಳಿಯುವುದು ನವೆಂಬರ್ ತಿಂಗಳೂ ಮಾರ್ಚಿಯಿಂದ ಮೇ ತಿಂಗಳವರೆಗಿನ ಬೇಸಗೆಯೂ. ತಾಲ್ಲೂಕಿನ ಅಧಿಕಾರಿಗಳು ಸಭೆಯ ದಿನವನ್ನು ಗೊತ್ತುಮಾಡುವಾಗ ಈ ಪಂಚಾಂಗವನ್ನೂ ನೋಡಿಕೊಳ್ಳಬೇಕಾಗಿದೆ.